ದೂರು ಕೊಟ್ಟವರೇ ಆರೋಪಿಗಳಾದಾಗ

ಇವತ್ತು ರಾಜಕೀಯ ಬೇಡ. ರಾಜೀನಾಮೆ, ರೆಸಾರ್ಟು, ಸಂಪುಟ ವಿಸ್ತರಣೆ ಎಲ್ಲವನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಇವತ್ತು ನಿಮಗೆ ಒಂದು ಪ್ಲಾಸ್ಟಿಕ್ ಕೊಳವೆಯ ಕಥೆ ಹೇಳ್ತೀನಿ. ಕೊಳವೆ ಚಿಕ್ಕದು, ಅಂಗೈಯಲ್ಲಿ ಹಿಡಿಸುವಷ್ಟು. ಆದರೆ ಅದರ ಹಿಂದೆ ಮೂರು ಜೀವ ಹೋಗಿದೆ, ಜಗತ್ತಿನ ಅತಿ ದೊಡ್ಡ ವೈದ್ಯಕೀಯ ಸಂಸ್ಥೆಯೊಂದರ ಮಾನ ಹೋಗಿದೆ.

2011ರ ಜೂನ್ ತಿಂಗಳು. ಸ್ವೀಡನ್ ದೇಶದ ಸ್ಟಾಕ್‌ಹೋಮ್. ಕರೊಲಿನ್ಸ್ಕಾ ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಲ್ಲಿ ಮಲಗಿದ್ದಾತ ಎರಿಟ್ರಿಯಾ ಮೂಲದ ಯುವಕ. 36 ವರ್ಷ. ಐಸ್‌ಲ್ಯಾಂಡ್‌ನಲ್ಲಿ ಭೂವಿಜ್ಞಾನ ಓದುತ್ತಿದ್ದ. ಶ್ವಾಸನಾಳದಲ್ಲಿ ಗೆಡ್ಡೆ. ಇಟಲಿಯ ಸರ್ಜನ್ ಪಾವ್ಲೊ ಮಕಿಯಾರಿನಿ ಆ ಯುವಕನ ಶ್ವಾಸನಾಳ ತೆಗೆದು ಪ್ಲಾಸ್ಟಿಕ್ ನಾಳವೊಂದನ್ನು ಕೂರಿಸಿದರು. ರೋಗಿಯದ್ದೇ ಮೂಳೆಮಜ್ಜೆಯ ಕಾಂಡಕೋಶಗಳಲ್ಲಿ ಆ ಪ್ಲಾಸ್ಟಿಕ್ಕನ್ನು ನೆನೆಸಿಟ್ಟಿದ್ದರು. ಕೋಶಗಳು ಬೆಳೆದು, ಪ್ಲಾಸ್ಟಿಕ್ ಜೀವಂತ ಅಂಗವಾಗುತ್ತೆ ಅನ್ನೋದು ಅವರ ವಾದ. ಐದು ತಿಂಗಳಿಗೆ ಜಗತ್ಪ್ರಸಿದ್ಧ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಬಂಧ ಬಂತು: ಪ್ರಯೋಗ ಯಶಸ್ವಿ. ಪವಾಡ, ಪವಾಡ ಅಂತ ಜಗತ್ತೆಲ್ಲ ಸುದ್ದಿ.

ಆ ಯುವಕ 2014ರ ಜನವರಿಯಲ್ಲಿ ತೀರಿಕೊಂಡ. ಅದೇ ಆಸ್ಪತ್ರೆಯಲ್ಲಿ ಅದೇ ಪ್ಲಾಸ್ಟಿಕ್ ನಾಳ ಹಾಕಿಸಿಕೊಂಡ ಎರಡನೇ ರೋಗಿ ಅಮೆರಿಕದವರು, 2012ರಲ್ಲೇ ಹೋಗಿದ್ದರು. ಮೂರನೆಯವಳು ಟರ್ಕಿಯ ಹೆಣ್ಣುಮಗಳು. ಲೆಕ್ಕವಿಲ್ಲದಷ್ಟು ಆಪರೇಷನ್ ಮಾಡಿಸಿಕೊಂಡು, ವರ್ಷಗಟ್ಟಲೆ ಆಸ್ಪತ್ರೆ ಹಾಸಿಗೆ ಮೇಲೆ ನರಳಿ, 2017ರಲ್ಲಿ ಪ್ರಾಣ ಬಿಟ್ಟಳು.

ಸರ್ಜನ್ ತಪ್ಪು ಮಾಡಿದರು. ಅದನ್ನು ಕೊನೆಗೆ ಕೋರ್ಟೇ ಹೇಳಿತು. ಆದರೆ ಇವತ್ತಿನ ನನ್ನ ಮಾತು ಸರ್ಜನ್ ಬಗ್ಗೆ ಅಲ್ಲ. ತಪ್ಪು ಮಾಡೋರು ಎಲ್ಲ ಕಾಲದಲ್ಲೂ, ಎಲ್ಲ ಕಡೆಯೂ ಇರ್ತಾರೆ. 'ಸರ್, ಇಲ್ಲಿ ತಪ್ಪಾಗ್ತಿದೆ' ಅಂತ ಯಾರೋ ಒಬ್ಬರು ಬಂದು ಹೇಳಿದಾಗ ಸಂಸ್ಥೆ ಏನು ಮಾಡಿತು? ನನ್ನ ಪ್ರಶ್ನೆ ಅದು. ಯಾಕಂದ್ರೆ ಅಲ್ಲಿ ಹೇಳಿದ್ದರು. ಒಬ್ಬರಲ್ಲ, ನಾಲ್ಕು ಜನ ಹೇಳಿದ್ದರು.

2014ರಲ್ಲಿ ಅದೇ ಆಸ್ಪತ್ರೆಯ ನಾಲ್ವರು ವೈದ್ಯರು ಒಂದು ಕೆಲಸ ಮಾಡಿದರು. ಒಂದು ಕಡೆ ಪ್ರಕಟವಾದ ಪ್ರಬಂಧ, ಇನ್ನೊಂದು ಕಡೆ ರೋಗಿಯ ಕಡತ, ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರು. ಪ್ರಬಂಧದಲ್ಲಿ ರೋಗಿ ಚೆನ್ನಾಗಿದ್ದಾನೆ. ಕಡತದಲ್ಲಿ ರೋಗಿ ಸಾಯ್ತಿದ್ದಾನೆ. ಇವರು ಹೊರಗಿನವರಲ್ಲ, ಆ ರೋಗಿಗಳಿಗೆ ಚಿಕಿತ್ಸೆ ಕೊಟ್ಟವರು. ಕೆಲವರ ಹೆಸರು ಆ ಪ್ರಬಂಧಗಳಲ್ಲೂ ಇತ್ತು. ಅದಕ್ಕೂ ಮೊದಲೇ ಬೆಲ್ಜಿಯಂನ ಸರ್ಜನ್ ಪಿಯರ್ ಡೆಲೆರ್, ಪ್ಲಾಸ್ಟಿಕ್ ನಾಳ ಜೀವಂತ ಅಂಗ ಆಗೋಕೆ ಸಾಧ್ಯವೇ ಇಲ್ಲ ಅಂತ ಎಚ್ಚರಿಸುತ್ತಲೇ ಬಂದಿದ್ದರು.

ಇಲ್ಲಿಂದ ಶುರುವಾಗುತ್ತೆ ಸಂಸ್ಥೆಗಳು ಮಾಡೋ ತಪ್ಪುಗಳ ಪಟ್ಟಿ.

ಮೊದಲನೇ ತಪ್ಪು, ದೂರನ್ನು ಬಿಟ್ಟು ದೂರುದಾರನ ಬೆನ್ನು ಹತ್ತೋದು. ಈ ನಾಲ್ವರು ವೈದ್ಯರ ವಿಷಯದಲ್ಲೂ ಅದೇ ಆಯಿತು. ರೋಗಿಗಳ ಖಾಸಗಿ ದಾಖಲೆ ನೋಡಿದ್ದೀರಿ ಅಂತ ಅವರ ಮೇಲೇ ಪೊಲೀಸರಿಗೆ ದೂರು ಹೋಯಿತು! ನೋಡಿ ಸ್ವಾಮಿ, ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗಿದವನನ್ನು, 'ನಮ್ಮ ಕಾಂಪೌಂಡ್ ಒಳಗೆ ಯಾಕಯ್ಯಾ ಇಣುಕಿದೆ' ಅಂತ ಹಿಡಿದುಕೊಂಡ ಹಾಗೆ.

ಎರಡನೇ ತಪ್ಪು, ತನ್ನ ತಪ್ಪಿಗೆ ತಾನೇ ಜಡ್ಜ್ ಆಗೋದು. ಕರೊಲಿನ್ಸ್ಕಾ ಅಂದ್ರೆ ಸಾಮಾನ್ಯ ಸಂಸ್ಥೆ ಅಲ್ಲ. ವೈದ್ಯಕೀಯ ನೊಬೆಲ್ ಯಾರಿಗೆ ಅಂತ ತೀರ್ಮಾನ ಮಾಡೋ 50 ಪ್ರೊಫೆಸರ್‌ಗಳ ಸಭೆ ಇರೋದೇ ಅಲ್ಲಿ. ಒಂದು ಒಳ್ಳೇ ಕೆಲಸವನ್ನೂ ಆ ಸಂಸ್ಥೆ ಮಾಡಿತು, ಅದನ್ನು ಹೇಳಲೇಬೇಕು. ಹೊರಗಿನ ತಜ್ಞರೊಬ್ಬರನ್ನು, ಉಪ್ಸಾಲಾ ವಿಶ್ವವಿದ್ಯಾಲಯದ ನಿವೃತ್ತ ಪ್ರೊಫೆಸರ್ ಬೆಂಗ್ಟ್ ಗೆರ್ಡಿನ್ ಅವರನ್ನು ತನಿಖೆಗೆ ನೇಮಿಸಿತು. ಅವರು ಕಡತಗಳನ್ನೆಲ್ಲ ಓದಿ 2015ರ ಮೇ ತಿಂಗಳಲ್ಲಿ ವರದಿ ಕೊಟ್ಟರು. ಸಂಶೋಧನಾ ವಂಚನೆ ಆಗಿದೆ ಅಂತ ಸ್ಪಷ್ಟವಾಗಿ ಹೇಳಿದರು.

ಆಮೇಲೆ ಏನಾಯ್ತು ಗೊತ್ತಾ? ಮೂರೇ ತಿಂಗಳು. ಅದೇ ವರ್ಷ ಆಗಸ್ಟ್‌ನಲ್ಲಿ ಸಂಸ್ಥೆಯ ಕುಲಪತಿ ಆಂಡರ್ಸ್ ಹಾಮ್‌ಸ್ಟೆನ್ ತೀರ್ಪು ಕೊಟ್ಟರು. ಕೆಲವು ಕಡೆ ಎಚ್ಚರಿಕೆ ಸಾಲದು, ಆದರೆ ವಂಚನೆ ಅಲ್ಲ. ಕ್ಲೀನ್ ಚಿಟ್! ತಜ್ಞ ಹೇಳಿದ್ದು ಒಂದು, ಕುರ್ಚಿ ಹೇಳಿದ್ದು ಇನ್ನೊಂದು. ಆ ಸರ್ಜನ್‌ನನ್ನು ಕರೆತಂದು, ಮೆರೆಸಿ, ಫೋಟೊ ತೆಗೆಸಿಕೊಂಡ ಸಂಸ್ಥೆಯ ಕೈಯಲ್ಲೇ ಕೊನೆಯ ತೀರ್ಪು ಇದ್ದರೆ ಇನ್ನೇನಾಗುತ್ತೆ ಹೇಳಿ? ಕುಲಪತಿ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಯಾರೇ ಆ ಕುರ್ಚಿಯಲ್ಲಿ ಕೂತಿದ್ದರೂ, ಆರೋಪಿ ತಪ್ಪಿತಸ್ಥ ಅಂದ ಕೂಡಲೇ 'ಇವನನ್ನು ಕರೆತಂದವರು ಯಾರು' ಅನ್ನೋ ಪ್ರಶ್ನೆ ಅವರ ಕಡೆಗೇ ತಿರುಗುತ್ತೆ. ಹಾಗಾಗಿ ಆ ತೀರ್ಪು ಆ ಕುರ್ಚಿಯಿಂದ ಬರಲೇಬಾರದು.

ಮುಂದೆ ಮಾಜಿ ನ್ಯಾಯಾಧೀಶ ಸ್ಟೆನ್ ಹೆಕ್‌ಶರ್ ನಡೆಸಿದ ತನಿಖೆಯಲ್ಲಿ ಇನ್ನೊಂದು ವಿಷಯ ಹೊರಬಂತು. ಈ ಸರ್ಜನ್‌ನನ್ನು ನೇಮಕ ಮಾಡಿಕೊಳ್ಳುವಾಗಲೇ ಅವರ ಬಗ್ಗೆ ಕೆಟ್ಟ ಅಭಿಪ್ರಾಯಗಳು ಸಂಸ್ಥೆಗೆ ಬಂದಿದ್ದವು. ಓದಿ ಪಕ್ಕಕ್ಕಿಟ್ಟರು. ಸ್ಟಾರ್ ಬೇಕಿತ್ತಲ್ಲ!

ಮೂರನೇ ತಪ್ಪು, ತಡ ಮಾಡೋದು. 'ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಅಂತ ನಮ್ಮ ಹಿರಿಯರು ಹೇಳೋದು ಇದಕ್ಕೇ. ದಿನಾಂಕಗಳನ್ನು ನೀವೇ ಲೆಕ್ಕ ಹಾಕಿ. ದೂರು 2014ರಲ್ಲಿ. ಸರ್ಜನ್ ವಜಾ ಆಗಿದ್ದು 2016ರ ಮಾರ್ಚ್‌ನಲ್ಲಿ. ಪ್ರಬಂಧಗಳು ವಂಚನೆ ಅಂತ ಸಂಸ್ಥೆ ಅಧಿಕೃತವಾಗಿ ಒಪ್ಪಿಕೊಂಡಿದ್ದು 2018ರ ಜೂನ್‌ನಲ್ಲಿ. 2011ರ ಆ ಪ್ರಬಂಧವನ್ನು ಲ್ಯಾನ್ಸೆಟ್ ವಾಪಸ್ ತೆಗೆದುಕೊಂಡಿದ್ದೂ 2018ರಲ್ಲೇ. ಏಳು ವರ್ಷ! ಏಳು ವರ್ಷ ಆ ಪ್ರಬಂಧ ಜಗತ್ತಿನ ಯಾವುದೇ ವೈದ್ಯರು ಓದಿ ನಂಬಬಹುದಾದ 'ವಿಜ್ಞಾನ' ಆಗಿ ಉಳಿದಿತ್ತು. ಈ ಮಧ್ಯೆ ರಷ್ಯಾದಲ್ಲೂ ಇದೇ ಪ್ಲಾಸ್ಟಿಕ್ ನಾಳದ ಆಪರೇಷನ್‌ಗಳು ನಡೆದವು. ತನಿಖೆಯ ತಡ ಅಂದ್ರೆ ಬರೀ ಫೈಲ್ ಮೇಲೆ ಧೂಳು ಕೂರೋದಲ್ಲ. ಯಾರದ್ದೋ ಮೈಮೇಲೆ ಕತ್ತಿ ಆಡ್ತಿರುತ್ತೆ.

ಕ್ರಿಮಿನಲ್ ಕೇಸ್ ಇನ್ನೂ ನಿಧಾನ. 2022ರಲ್ಲಿ ಕೆಳ ನ್ಯಾಯಾಲಯ ಒಬ್ಬ ರೋಗಿಯ ವಿಚಾರದಲ್ಲಿ ಮಾತ್ರ ದೋಷಿ ಅಂದಿತು, ಜೈಲು ಇಲ್ಲ. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಮೂವರ ಮೇಲೂ ಘೋರ ಹಲ್ಲೆ ಅಂತ ತೀರ್ಮಾನಿಸಿ ಎರಡೂವರೆ ವರ್ಷ ಜೈಲು ಶಿಕ್ಷೆ ಕೊಟ್ಟಿತು. ಅಷ್ಟು ಹೊತ್ತಿಗೆ ಮೂವರು ರೋಗಿಗಳೂ ಬದುಕಿರಲಿಲ್ಲ.

ಇನ್ನೊಂದು ವಿಪರ್ಯಾಸ ಕೇಳಿ. 2018ರ ತೀರ್ಮಾನದಲ್ಲಿ ಸಂಸ್ಥೆ ಏಳು ಜನರನ್ನು ವಂಚನೆಗೆ ಹೊಣೆ ಮಾಡಿತು. ಆ ಏಳರಲ್ಲಿ ದೂರು ಕೊಟ್ಟ ನಾಲ್ವರ ಪೈಕಿ ಒಬ್ಬರೂ ಇದ್ದರು! ಪ್ರಬಂಧದಲ್ಲಿ ಅವರ ಹೆಸರೂ ಇತ್ತು, ನಿಜ. ಹೆಸರು ಹಾಕಿಸಿಕೊಂಡವರಿಗೆ ಹೊಣೆ ಇರಬೇಕು, ಅದೂ ನಿಜ. ಆದರೆ ಒಳಗಿದ್ದವರಿಗೆ ಮಾತ್ರ ಒಳಗಿನ ಸತ್ಯ ಗೊತ್ತಿರುತ್ತೆ ಅಲ್ವಾ? ನಾಳೆ ಇನ್ನೊಂದು ಲ್ಯಾಬ್‌ನಲ್ಲಿ, ಇನ್ನೊಬ್ಬ ಕಿರಿಯ ವೈದ್ಯ ಇದನ್ನು ನೋಡಿ ಏನು ಪಾಠ ಕಲೀತಾನೆ? 'ಬಾಯಿ ಮುಚ್ಚಿಕೊಂಡಿದ್ದರೆ ಬಚಾವ್' ಅಂತ ತಾನೆ?

ವೀಕ್ಷಕರೇ, ಇಲ್ಲಿ ನನ್ನದೊಂದು ಮಾತು ಹೇಳಬೇಕು. ಎಷ್ಟೋ ವರ್ಷದಿಂದ ಯಾರ ಹತ್ತಿರವೂ ಹೇಳಿರಲಿಲ್ಲ.

ನಾನು ಇಂಜಿನಿಯರಿಂಗ್ ಓದಿದವನು. ಕೊನೇ ವರ್ಷದ ಪ್ರಾಜೆಕ್ಟ್‌ನಲ್ಲಿ ನಾವು ನಾಲ್ಕು ಜನ ಇದ್ದೆವು. ಅದರಲ್ಲಿ ನಿಜವಾಗಿ ಕೆಲಸ ಮಾಡಿದವನು ಒಬ್ಬನೇ, ನನ್ನ ಗೆಳೆಯ. ಹಾಸ್ಟೆಲ್ ರೂಮಿನಲ್ಲಿ ಸೋಲ್ಡರಿಂಗ್ ಗನ್ ಹಿಡಿದು ರಾತ್ರಿಯೆಲ್ಲ ಕೂರ್ತಿದ್ದ. ಕೆಲವು ತಿಂಗಳ ನಂತರ ಆ ಕೆಲಸ ಒಂದು ಸಮ್ಮೇಳನದ ಪ್ರಬಂಧವಾಗಿ ಬಂತು. ಹೆಸರು ಮೇಷ್ಟರದ್ದು ಮಾತ್ರ. ಇವನ ಹೆಸರು ಕೃತಜ್ಞತೆಯಲ್ಲೂ ಇಲ್ಲ. ಇವನು ಧೈರ್ಯ ಮಾಡಿ ವಿಭಾಗದ ಮುಖ್ಯಸ್ಥರಿಗೆ ಪತ್ರ ಕೊಟ್ಟ, ನಾವು ಮೂವರೂ ಸಹಿ ಹಾಕಿದೆವು. ಬೆಳಗ್ಗೆ ಕೊಟ್ಟ ಪತ್ರ ಸಂಜೆಗೆ ಅದೇ ಮೇಷ್ಟರ ಕೈಯಲ್ಲಿತ್ತು. ನಾಲ್ಕೂ ಜನರನ್ನು ಒಂದೇ ರೂಮಿಗೆ ಕರೆದರು. ಮೇಷ್ಟರು ಅಲ್ಲೇ ಕೂತಿದ್ದರು. 'ಏನಪ್ಪಾ, ಇಂಟರ್ನಲ್ ಮಾರ್ಕ್ಸ್ ಇನ್ನೂ ಕಳಿಸಿಲ್ಲ ಅಲ್ವಾ' ಅಂತ ಮುಖ್ಯಸ್ಥರು ಕೇಳಿದರು. ಅಷ್ಟೇ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಮರುದಿನ ದೂರು ವಾಪಸ್ ಪಡೆಯೋ ಪತ್ರ ರೆಡಿಯಾಗಿತ್ತು. ಅದರ ಮೇಲೆ ಮೊದಲ ಸಹಿ ನನ್ನದು.

ಆ ಗೆಳೆಯ ಎಂ.ಟೆಕ್ ಮಾಡಬೇಕು, ಸಂಶೋಧನೆ ಮಾಡಬೇಕು ಅಂತಿದ್ದವನು. ಮಾಡಲಿಲ್ಲ. ಇದೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಕ್ಯಾಮೆರಾ ಮುಂದೆ ಕೂತು ಮಂತ್ರಿಗಳಿಗೆ 'ಧೈರ್ಯ ಇದ್ದರೆ ಉತ್ತರ ಕೊಡಿ' ಅಂತ ಕೇಳುವಾಗ ಆ ಸಹಿ ಒಮ್ಮೊಮ್ಮೆ ನೆನಪಾಗುತ್ತೆ.

ಇದು ನಾಲ್ಕನೇ ತಪ್ಪು, ಗುಟ್ಟು ಕಾಪಾಡದೇ ಇರೋದು. ದೂರುದಾರನನ್ನೂ ಆರೋಪಿಯನ್ನೂ ಒಂದೇ ಕೋಣೆಯಲ್ಲಿ ಕೂರಿಸಿ 'ಮಾತಾಡಿ ಮುಗಿಸಿಕೊಳ್ಳಿ' ಅನ್ನೋದು. ಅದು ಗಂಡ ಹೆಂಡಿರ ಜಗಳದ ಪಂಚಾಯ್ತಿ ಅಲ್ಲ ಸ್ವಾಮಿ. ಒಬ್ಬರ ಕೈಯಲ್ಲಿ ಇನ್ನೊಬ್ಬರ ಮಾರ್ಕ್ಸ್, ಸ್ಕಾಲರ್‌ಶಿಪ್, ಪಿಎಚ್‌.ಡಿ ಸಹಿ ಇರುವಾಗ ರಾಜಿ ಅಂದ್ರೆ ಶರಣಾಗತಿ ಅಷ್ಟೆ.

ಐದನೇ ತಪ್ಪು, ಸಾಕ್ಷ್ಯವನ್ನು ಆರೋಪಿಯ ಕೈಯಲ್ಲೇ ಬಿಡೋದು. ಇದಕ್ಕೆ ನಮ್ಮ ಎಲೆಕ್ಟ್ರಾನಿಕ್ಸ್ ಲೋಕದ್ದೇ ಉದಾಹರಣೆ ಕೊಡ್ತೀನಿ. ಅಮೆರಿಕದ ಬೆಲ್ ಲ್ಯಾಬ್ಸ್. ಟ್ರಾನ್ಸಿಸ್ಟರ್ ಹುಟ್ಟಿದ ಜಾಗ. ಅಲ್ಲಿ ಯಾನ್ ಹೆಂಡ್ರಿಕ್ ಶೋನ್ ಅಂತ ಜರ್ಮನಿಯ ಯುವ ವಿಜ್ಞಾನಿ ಇದ್ದ. 2001ರಲ್ಲಿ ಸರಾಸರಿ ಎಂಟು ದಿನಕ್ಕೊಂದು ಪ್ರಬಂಧ! ಒಂದೇ ಅಣುವಿನಿಂದ ಟ್ರಾನ್ಸಿಸ್ಟರ್ ಮಾಡಿದ್ದೀನಿ ಅಂದ. ನೊಬೆಲ್ ಗ್ಯಾರಂಟಿ ಅಂತ ಮಾತಾಡಿಕೊಂಡರು. ಆಮೇಲೆ ಹೊರಗಿನ ವಿಜ್ಞಾನಿಗಳು ಇವನ ಎರಡು ಬೇರೆ ಬೇರೆ ಪ್ರಯೋಗಗಳ ಗ್ರಾಫ್ ಪಕ್ಕಪಕ್ಕ ಇಟ್ಟರು. ಎರಡರಲ್ಲೂ ನಾಯ್ಸ್ ಒಂದೇ! ಲ್ಯಾಬ್‌ನಲ್ಲಿ ಆಸಿಲೋಸ್ಕೋಪ್ ನೋಡಿದವರಿಗೆ ಗೊತ್ತು, ನಾಯ್ಸ್ ಅಂದ್ರೆ ಕೆರೆ ಮೇಲಿನ ಸಣ್ಣ ಅಲೆ ಇದ್ದ ಹಾಗೆ. ಒಮ್ಮೆ ಎದ್ದ ಹಾಗೆ ಇನ್ನೊಮ್ಮೆ ಏಳಲ್ಲ. ಎರಡು ಪ್ರಯೋಗದಲ್ಲಿ ಒಂದೇ ನಾಯ್ಸ್ ಬಂತು ಅಂದ್ರೆ ಒಂದು ಗ್ರಾಫ್ ಇನ್ನೊಂದರ ಕಾಪಿ.

ಮೂಲ ಡೇಟಾ ಕೊಡಪ್ಪಾ ಅಂದರೆ, ಕಂಪ್ಯೂಟರ್‌ನಲ್ಲಿ ಜಾಗ ಇರಲಿಲ್ಲ, ಅಳಿಸಿಬಿಟ್ಟೆ ಅಂದ. ಲ್ಯಾಬ್ ನೋಟ್‌ಬುಕ್ ಇಟ್ಟಿರಲೇ ಇಲ್ಲ. ಕಳ್ಳನಿಗೊಂದು ಪಿಳ್ಳೆ ನೆವ! ಅದಕ್ಕೇ ದೂರು ಬಂದ ದಿನವೇ ಹಾರ್ಡ್ ಡಿಸ್ಕ್, ನೋಟ್‌ಬುಕ್, ಸ್ಯಾಂಪಲ್ ಎಲ್ಲವೂ ಸೀಲ್ ಆಗಬೇಕು. ಮೊದಲು ನೋಟಿಸ್ ಕೊಟ್ಟು, ಹದಿನೈದು ದಿನ ಬಿಟ್ಟು ಡೇಟಾ ಕೇಳಿದರೆ, ಆ ಹದಿನೈದು ದಿನ ಏನು ನಡೆಯುತ್ತೆ ಅಂತ ನಾನು ಹೇಳಬೇಕಾ?

ಆದರೆ ಬೆಲ್ ಲ್ಯಾಬ್ಸ್ ಒಂದು ವಿಷಯದಲ್ಲಿ ದಾರಿ ತೋರಿಸಿತು. 2002ರ ಮೇ ತಿಂಗಳಲ್ಲಿ ಸ್ಟ್ಯಾನ್‌ಫರ್ಡ್‌ನ ಮ್ಯಾಲ್ಕಮ್ ಬೀಸ್ಲಿ ನೇತೃತ್ವದಲ್ಲಿ ಸಮಿತಿ ಮಾಡಿತು. ಸೆಪ್ಟೆಂಬರ್‌ನಲ್ಲಿ ವರದಿ ಬಂತು. ನಾಲ್ಕೇ ತಿಂಗಳು. 24 ಆರೋಪಗಳನ್ನು ಒಂದೊಂದಾಗಿ ಪರಿಶೀಲಿಸಿದರು, 16ರಲ್ಲಿ ವಂಚನೆ ಸಾಬೀತು ಅಂದರು. ಉಳಿದ ಎಂಟರಲ್ಲಿ ಸಾಬೀತಾಗಿಲ್ಲ ಅಂತಲೂ ಬರೆದರು. ಜೊತೆಯಲ್ಲಿ ಹೆಸರಿದ್ದವರು ವಂಚನೆ ಮಾಡಿಲ್ಲ ಅಂತಲೂ ಬರೆದರು. ವರದಿಯನ್ನು ಜನರ ಮುಂದೆ ಇಟ್ಟರು. ಶೋನ್ ವಜಾ. ನಿಜವಾದ ತನಿಖೆ ಹೀಗಿರುತ್ತೆ. ಯಾರು ಕಳ್ಳ ಅಂತ ಹೇಳಿದ ಹಾಗೇ ಯಾರು ಕಳ್ಳ ಅಲ್ಲ ಅಂತಲೂ ಹೇಳುತ್ತೆ.

ಯಾಕೆ ಇದನ್ನು ಒತ್ತಿ ಹೇಳ್ತೀನಿ ಅಂದ್ರೆ, ಬರೋ ಪ್ರತಿ ದೂರೂ ನಿಜ ಆಗಿರಲ್ಲ. ಪ್ರಮೋಷನ್ ಜಿದ್ದು ಇರುತ್ತೆ, ಜಾತಿ ಇರುತ್ತೆ, ಹಳೇ ಸಿಟ್ಟು ಇರುತ್ತೆ. ನಿಜವಾದ ಕೈತಪ್ಪೂ ಇರುತ್ತೆ. ಚಿತ್ರ ಅದಲುಬದಲಾಗೋದು, ಲೆಕ್ಕ ತಪ್ಪೋದು ಮನುಷ್ಯರು ಮಾಡೋ ಕೆಲಸ. ತಪ್ಪು ಬೇರೆ, ಮೋಸ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಆರನೇ ತಪ್ಪು. ತನಿಖೆ ಸರಿಯಾಗಿ ನಡೆದರೆ ನಿರಪರಾಧಿಗೇ ಹೆಚ್ಚು ಲಾಭ. ಮುಚ್ಚಿದ ಬಾಗಿಲ ಹಿಂದಿನ ಕ್ಲೀನ್ ಚಿಟ್ ಯಾರೂ ನಂಬಲ್ಲ, ಆತ ಪ್ರಾಮಾಣಿಕನಾಗಿದ್ದರೂ ಸಾಯೋ ತನಕ ಅನುಮಾನ ಹೊತ್ತು ತಿರುಗಬೇಕು.

ಸರಿ, ಸ್ವೀಡನ್ ಆಯ್ತು, ಅಮೆರಿಕ ಆಯ್ತು. ನಮ್ಮ ಕಥೆ?

ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ. ಪ್ರೊಫೆಸರ್ ವಿ.ಜೆ. ಗುಪ್ತ. ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ನೂರಾರು ಪ್ರಬಂಧ ಬರೆದವರು. 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 'ನೇಚರ್' ಪತ್ರಿಕೆಯಲ್ಲಿ ಬರೆದರು: ಹಿಮಾಲಯದಲ್ಲಿ ಸಿಕ್ಕಿದ್ದು ಅನ್ನೋ ಪಳೆಯುಳಿಕೆಗಳಲ್ಲಿ ಕೆಲವು ಮೊರಾಕ್ಕೊದವು, ಕೆಲವು ಅಮೆರಿಕದವು. ವಿಚಾರಣೆ ನಡೆಯಿತು, ತಪ್ಪಿತಸ್ಥ ಅಂತ ತೀರ್ಮಾನವೂ ಆಯಿತು. ಆದರೂ ಅವರು ಅದೇ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ನಿವೃತ್ತಿ ಆಗೋ ತನಕ ಇದ್ದರು. ಹದಿಮೂರು ವರ್ಷ! ಆ ಹದಿಮೂರು ವರ್ಷದಲ್ಲಿ ಅದೇ ವಿಭಾಗದಲ್ಲಿ ಓದಿ ಹೊರಬಂದ ಹುಡುಗರಿಗೆ ಪ್ರಾಮಾಣಿಕತೆ ಬಗ್ಗೆ ಯಾವ ಪಾಠ ಸಿಕ್ಕಿರಬಹುದು?

ಈಗ ಕಾನೂನು ಇದೆ ಅಂತೀರಾ? ಇದೆ. ಯುಜಿಸಿ 2018ರಲ್ಲಿ ನಿಯಮ ತಂದಿತು. ಕೃತಿಚೌರ್ಯಕ್ಕೆ ಪರ್ಸೆಂಟೇಜ್ ಲೆಕ್ಕ. 10 ಪರ್ಸೆಂಟ್ ತನಕ ಹೋಲಿಕೆ ಇದ್ದರೆ ಶಿಕ್ಷೆ ಇಲ್ಲ. 60 ದಾಟಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಒಳ್ಳೆಯದೇ. ಆದರೆ ಒಂದು ಯೋಚನೆ ಮಾಡಿ. ಸಾಫ್ಟ್‌ವೇರ್ ಹಿಡಿಯೋದು ಕದ್ದ ವಾಕ್ಯವನ್ನ. ಕಟ್ಟಿದ ಅಂಕಿಯನ್ನ ಅದು ಹಿಡಿಯಲ್ಲ. ಆ ಇಟಲಿಯ ಸರ್ಜನ್‌ನ ಪ್ರಬಂಧವನ್ನು ಆ ಸಾಫ್ಟ್‌ವೇರ್‌ಗೆ ಹಾಕಿ ನೋಡಿ, ಸುಳ್ಳನ್ನು ಸ್ವಂತ ವಾಕ್ಯದಲ್ಲಿ ಬರೆದಿದ್ದರೆ ಅದು ಆರಾಮಾಗಿ ಪಾಸ್ ಮಾಡುತ್ತೆ.

ಇನ್ನು ಆ ನಿಯಮದ ಸಮಿತಿಗಳಲ್ಲಿ ಯಾರಿರ್ತಾರೆ? ವಿಭಾಗ ಮಟ್ಟದ ಸಮಿತಿಗೆ ಅದೇ ವಿಭಾಗದ ಮುಖ್ಯಸ್ಥರೇ ಅಧ್ಯಕ್ಷರು. ಸಂಸ್ಥೆ ಮಟ್ಟದ ಸಮಿತಿಗೆ ಅದೇ ಸಂಸ್ಥೆಯ ಹಿರಿಯರೇ ಅಧ್ಯಕ್ಷರು. ಹೊರಗಿನ ಸದಸ್ಯರೊಬ್ಬರು ಇರ್ತಾರೆ, ಅವರನ್ನು ಆರಿಸೋದೂ ಅದೇ ಸಂಸ್ಥೆಯ ಮುಖ್ಯಸ್ಥರು. ಅಂದ್ರೆ ನನ್ನ ಗೆಳೆಯ ಇವತ್ತು ಪತ್ರ ಕೊಟ್ಟರೂ ಅದು ಹೋಗೋದು ಬಹುತೇಕ ಅದೇ ಟೇಬಲ್‌ಗೆ.

ಸ್ವೀಡನ್ ಇಷ್ಟೆಲ್ಲ ಮಾನ ಕಳೆದುಕೊಂಡ ಮೇಲೆ ಪಾಠ ಕಲಿತಿತು. 2020ರ ಜನವರಿಯಿಂದ ಅಲ್ಲಿ ಇಂಥ ದೂರುಗಳನ್ನು ವಿಶ್ವವಿದ್ಯಾಲಯಗಳು ತಾವೇ ತೀರ್ಮಾನಿಸೋ ಹಾಗಿಲ್ಲ. ಇಡೀ ದೇಶಕ್ಕೆ ಒಂದು ಸ್ವತಂತ್ರ ಮಂಡಳಿ, ಕಾನೂನಿನ ಬಲ ಇರೋ ಮಂಡಳಿ, ಅದನ್ನು ನೋಡುತ್ತೆ. ಸ್ವೀಡನ್‌ನ ಜನಸಂಖ್ಯೆ ಸುಮಾರು ಒಂದು ಕೋಟಿ. ಹೆಚ್ಚೂಕಮ್ಮಿ ನಮ್ಮ ಬೆಂಗಳೂರಿನಷ್ಟು. ಅಷ್ಟು ಚಿಕ್ಕ ದೇಶಕ್ಕೆ ಸಾಧ್ಯವಾಗಿದ್ದು ನಮಗೆ ಯಾಕೆ ಸಾಧ್ಯ ಆಗಬಾರದು?

ಕೊನೆಯದಾಗಿ ನಮ್ಮ ಬುಡಕ್ಕೂ ಬರೋಣ. ಟಿವಿಯವರ ಪಾಲು ಏನು? 2016ರ ಜನವರಿಯಲ್ಲಿ ಸ್ವೀಡನ್‌ನ ಸಾರ್ವಜನಿಕ ಟಿವಿ ಮೂರು ಕಂತಿನ ಸಾಕ್ಷ್ಯಚಿತ್ರ ಹಾಕಿತು, ಪತ್ರಕರ್ತ ಬೋಸೆ ಲಿಂಡ್‌ಕ್ವಿಸ್ಟ್ ಮಾಡಿದ್ದು. ರೋಗಿಗಳು ಕೆಮ್ಮಿ ಕೆಮ್ಮಿ ಉಸಿರಿಗೆ ಒದ್ದಾಡೋದನ್ನು ಜನ ಕಣ್ಣಾರೆ ನೋಡಿದರು. ಮುಂದಿನ ತಿಂಗಳೇ ಕುಲಪತಿ ರಾಜೀನಾಮೆ. ನಾಲ್ಕು ವೈದ್ಯರ ಕಂತೆ ಕಂತೆ ದಾಖಲೆಯಿಂದ ಆಗದ್ದು ಮೂರು ಎಪಿಸೋಡ್‌ನಿಂದ ಆಯಿತು. ಹೆಮ್ಮೆ ಪಡೋಣ ಅಂದ್ರೆ, ಅದೇ ಸರ್ಜನ್‌ನನ್ನು ದೇವರು ಮಾಡಿದ ಸಾಕ್ಷ್ಯಚಿತ್ರವನ್ನು 2014ರಲ್ಲಿ ಅಮೆರಿಕದ ದೊಡ್ಡ ಚಾನೆಲ್ಲೊಂದು ಹಾಕಿತ್ತು. ಪವಾಡ ಮಾರಿದ್ದೂ ಟಿವಿ, ಪರದೆ ಸರಿಸಿದ್ದೂ ಟಿವಿ.

ನಾವೂ ಅದನ್ನೇ ಮಾಡ್ತೀವಿ. 'ವೈದ್ಯ ಲೋಕದ ವಿಸ್ಮಯ' ಅಂತ ಬ್ಯಾನರ್ ಹಾಕುವಾಗ, ಸರ್, ಪ್ರಾಣಿಗಳ ಮೇಲೆ ಮೊದಲು ಪ್ರಯೋಗ ಆಗಿತ್ತಾ, ನೈತಿಕ ಸಮಿತಿಯ ಅನುಮತಿ ಇತ್ತಾ ಅಂತ ನಾನು ಎಷ್ಟು ಸಲ ಕೇಳಿದ್ದೀನಿ? ಕರೊಲಿನ್ಸ್ಕಾದಲ್ಲಿ ಆ ಅನುಮತಿ ಕೇಳಿರಲೇ ಇಲ್ಲ. ಒಬ್ಬ ರಿಪೋರ್ಟರ್ 2011ರಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದರೆ?

ನಿಮ್ಮ ಮಗನೋ ಮಗಳೋ ಪಿಎಚ್‌.ಡಿಗೆ ಸೇರ್ತಿದ್ದರೆ, ಫೀಸು ಎಷ್ಟು, ಹಾಸ್ಟೆಲ್ ಹೇಗಿದೆ ಅಂತ ಕೇಳ್ತೀರಲ್ಲ, ಜೊತೆಗೆ ಇದನ್ನೂ ಕೇಳಿ. ಇಲ್ಲಿ ತಪ್ಪು ಕಂಡರೆ ಯಾರಿಗೆ ಹೇಳಬೇಕು? ಹೇಳಿದವರ ಹೆಸರು ಗುಟ್ಟಾಗಿರುತ್ತಾ? ಸಮಿತಿಯಲ್ಲಿ ಹೊರಗಿನವರು ಎಷ್ಟು ಜನ? ಎಷ್ಟು ದಿನದಲ್ಲಿ ಉತ್ತರ? ವರದಿ ಎಲ್ಲರಿಗೂ ಸಿಗುತ್ತಾ? ಇದಕ್ಕೆ ಆ ಸಂಸ್ಥೆ ತಡವರಿಸಿದರೆ, ಅದೇ ಉತ್ತರ ಅಂದುಕೊಳ್ಳಿ.

ಮತ್ತೆ ನಿಮ್ಮಲ್ಲಿ ಯಾರಾದರೂ ಆ ಕುರ್ಚಿಯಲ್ಲಿ ಕೂತಿದ್ದರೆ, ಮುಖ್ಯಸ್ಥರಾಗಿದ್ದರೆ, ಡೀನ್ ಆಗಿದ್ದರೆ, ಒಂದು ವಿನಂತಿ. ನಾಳೆ ಒಬ್ಬ ಹುಡುಗ ಕೈ ನಡುಗಿಸುತ್ತಾ ಪತ್ರ ತಂದು ನಿಮ್ಮ ಟೇಬಲ್ ಮೇಲೆ ಇಟ್ಟರೆ, ಮೊದಲು ಅವನನ್ನು ಕೂರಿಸಿ. ಅವನು ನಿಮ್ಮ ಸಂಸ್ಥೆಯ ಮಾನ ಕಳೆಯೋಕೆ ಬಂದವನಲ್ಲ. ಅದು ಹೋಗದೇ ಇರಲಿ ಅಂತ ಬಂದವನು.